ಡ್ರಾಯರಿನ ಮೂಲೆ

ನಮ್ಮ ಅಡುಗೆಮನೆ
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅಕ್ಕ ಎದ್ದು ಓಡಾಡುತ್ತಿದ್ದಾಳೆಯೇ? ಪಾಪುವಿಗೆ ನಮ್ಮಪ್ಪನ ಮೂಗೇ ಬಂದಿದೆ ಎಂದು ನೀನು ಬರೆದಿದ್ದೆ. ಪಾಪ, ಹೆಣ್ಣುಮಗು, ಬೆಳೆಯುತ್ತಾ ಸರಿಹೋದೀತು.

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಮೂರು ಕಾಗದಗಳಲ್ಲಿ ಸುಳ್ಳು ಬರೆದೆ, ಅಮ್ಮಾ. ಇನ್ನು ನನ್ನ ಕೈಲಾಗದು. ಅಪ್ಪನ ಕಣ್ಣು ಪೂರಾ ಮಂಜಾಗಿದೆ. ಅಳತೆಪಟ್ಟಿಯನ್ನು ಮೂಗಿಗೆ ತಾಗಿಸಿ ಓದುತ್ತಾರೆ. ಕೇಳಿದರೆ "ಬೆಳಕು ಸಾಲದು ಕಣೇ" ಎನ್ನುತ್ತಾರೆ. ಟೀಚರಮ್ಮನ ಅಡುಗೆಮನೆಗೆ ಕಪಾಟು, ಅದಕ್ಕೆ ಹನ್ನೆರಡು ಡ್ರಾಯರು ಒಪ್ಪಿಕೊಂಡಿದ್ದೆವಲ್ಲ, ಮೊಳೆಯಿಲ್ಲದೆ, ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕಚ್ಚಿಸಿ ಮಾಡುವಂಥವು. ಅಪ್ಪ ಕೊರೆದ ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುತ್ತಿತ್ತು. ಅವರು ಮಧ್ಯಾಹ್ನ ಮಲಗಿದಾಗ ಆ ಹಲಗೆಗಳನ್ನು ಒಲೆಗೆ ಹಾಕಿ, ಬೇರೆ ಹಲಗೆ ತೆಗೆದು, ದಿನಕ್ಕೊಂದರಂತೆ ನಾನೇ ಹೊಸದಾಗಿ ಮಾಡಿಡುತ್ತಿದ್ದೆ.

ಗುರುವಾರ ಸಿಕ್ಕಿಬಿದ್ದೆ. ಅಪ್ಪ ಒಂದು ಡ್ರಾಯರನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯ ಮೇಲೆ ಹೆಬ್ಬೆರಳಾಡಿಸಿದರು. "ಇದು ನನ್ನ ಕೈ ಅಲ್ಲ. ಎಷ್ಟು ಮಾಡಿದೀಯ?" ಎಂದರು. "ಒಂಬತ್ತು" ಎಂದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಉಳಿಯನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿಟ್ಟು, "ಚೆನ್ನಾಗಿದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಬಡಿಸಿದ ತಟ್ಟೆ ಬಡಿಸಿದಂತೆಯೇ ಇರುತ್ತದೆ. ಕಣ್ಣಿನ ಡಾಕ್ಟರ ಹೆಸರೆತ್ತಿದರೆ, "ನಿನಗೆ ಕೆಲಸ ಬಂತಲ್ಲ, ಇನ್ನು ನನಗ್ಯಾಕೆ ಕಣ್ಣು" ಎನ್ನುತ್ತಾರೆ.

ಶನಿವಾರ ಕಪಾಟು ಕೂರಿಸಲು ಒಬ್ಬಳೇ ಹೋದೆ. ಅಡುಗೆಮನೆ ಮುಗಿಯದೆ ಟೀಚರಮ್ಮ ಎರಡು ತಿಂಗಳಿಂದ ಒಲೆಯನ್ನು ಮೆಟ್ಟಿಲ ಕೆಳಗಿಟ್ಟುಕೊಂಡು ಬೇಯಿಸುತ್ತಿದ್ದಾರೆ. ಅವರ ಮನೆಯ ಗೋಡೆಯೇ ಸೊಟ್ಟ. ಏನು ಮಾಡಿದರೂ ಕಪಾಟಿನ ಬಾಗಿಲು ಮುಚ್ಚಲೊಲ್ಲದು. "ನಿಮ್ಮಪ್ಪ ಬರಲ್ವೇನಮ್ಮಾ?" ಎಂದು ಕೇಳಿದರು. ಜ್ವರ ಎಂದೆ. ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ಹಲ್ಲು ಕೊರೆಯುವುದು ಕಲಿತೆ, ಅಮ್ಮಾ. ಸೊಟ್ಟ ಗೋಡೆಯನ್ನು ಪುಸಲಾಯಿಸುವುದನ್ನು ಅಪ್ಪ ಇನ್ನೂ ಹೇಳಿಕೊಟ್ಟಿಲ್ಲ.

ಹಸಿ ಬಾಣಂತಿ, ಅಕ್ಕನಿಗೆ ಏನೂ ಹೇಳಬೇಡ. ಪಾಪುವಿನ ಅಂಗಾಲಿಗೆ ನನ್ನದೊಂದು ಮುತ್ತು.

ನಿನ್ನ
ಕಿರಿಮಗಳು

ಅಮ್ಮಾ, ಸಹಿ ಹಾಕುವಷ್ಟರಲ್ಲಿ ಶೆಡ್ಡಿನಲ್ಲಿ ಯಂತ್ರದ ಗರಗಸ ಸದ್ದು ಮಾಡಿತು. ಓಡಿದೆ. ಅಪ್ಪ ಹಲಗೆಯನ್ನು ತಡವಿಕೊಂಡು, ಬರಿಗೈಯಲ್ಲಿ ಅಲಗಿನತ್ತ ತಳ್ಳುತ್ತಿದ್ದರು. "ಕೈಗೇ ಗೊತ್ತು, ಬಿಡೇ" ಎಂದರು. ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಈಗ ಅದಕ್ಕಾಗಿ ಗೂಡುಗೂಡನ್ನೂ ತಡಕುತ್ತಿದ್ದಾರೆ. ನನ್ನ ಮಾತು ಕೇಳುವುದಿಲ್ಲ. ಕಾಗದ ಸಿಕ್ಕ ದಿನವೇ ಹೊರಟು ಬಾ.