ನಡುವಿನ ಕುರ್ಚಿಯವಳಿಗೆ

ಭಾನುವಾರ, ತಿಂಡಿ ಮುಗಿದ ಮೇಲೆ

ನನ್ನ ಮುದ್ದಿನ ವಕೀಲಮ್ಮನಿಗೆ,

ಇಲ್ಲಿ ನಾನೂ ನಿನ್ನಪ್ಪನೂ ಆರೋಗ್ಯವಾಗಿದ್ದೇವೆ. ಈ ಸುದ್ದಿಯನ್ನು ಇಬ್ಬರು ಪ್ರತ್ಯಕ್ಷದರ್ಶಿಗಳಿಂದ ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ, ಆದ್ದರಿಂದ ಅಂಕ ಕಳೆಯಬೇಡ.

ಮೊನ್ನೆ ನೀನು ಫೋನ್ ಮಾಡಿದೆ. ‘ಆಫೀಸಿನಲ್ಲಿ ಯಾವುದೋ ಪುಟ್ಟ ವಾರಪತ್ರಿಕೆಗೆ ಅಂಕ ಹಾಕುವ ಮೇಜಿನಿಂದ ನನ್ನನ್ನ ಎಬ್ಬಿಸಿಬಿಟ್ಟರು, ಅದರ ಸಂಪಾದಕರು ನನ್ನ ಹತ್ತಿರದ ಸಂಬಂಧಿಯಂತೆ, ಯಾರು ಅಂತ ನಿನಗೇನಾದ್ರೂ ಗೊತ್ತಾ ಅಮ್ಮ?’ ಅಂತ ಕೇಳಿದೆ. ನಾನು ಹಾಲು ಉಕ್ಕುತ್ತಿದೆ ಅಂದು ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಒಲೆ ಹಚ್ಚಿಯೇ ಇರಲಿಲ್ಲ. ತಮ್ಮ ಕನ್ನಡಕದ ಅಂಗಡಿಗೆ ಬೀಗ ಹಾಕಿ ಆಗ ತಾನೇ ಬಂದಿದ್ದ ನಿನ್ನಪ್ಪ ಎಲ್ಲ ನೋಡುತ್ತಲೇ ಇದ್ದರು. ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಕರೆಗಳನ್ನೆಲ್ಲ ಜೋಡಿಸಿದವಳು, ಮಗಳ ಒಂದು ಕರೆಗೆ ಹೆದರಿ ಕತ್ತರಿಸಿದೆಯಲ್ಲ ಅಂದರು. ಆ ಮಾತು ಚುಚ್ಚಿತು, ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಆ ಸಂಬಂಧಿ ನಾನೇ ಕಣೇ.

ಪತ್ರಿಕೆಯ ಹೆಸರು ‘ನೆರೆಮನೆ’. ನಾಲ್ಕು ಪುಟ, ಪ್ರತಿ ಶುಕ್ರವಾರ. ಕಳೆದ ವರ್ಷ ಶುರು ಮಾಡಿದೆವು. ಪಕ್ಕದ ಟೈಲರಮ್ಮ ಜಾಹೀರಾತು ತರುತ್ತಾಳೆ, ಮನೆಮನೆಗೆ ಹಂಚುತ್ತಾಳೆ. ನಿನಗೆ ಸ್ಕೂಲಿನಲ್ಲಿ ಮೈದಾನ ಸುತ್ತಿಸುತ್ತಿದ್ದ ಡ್ರಿಲ್ ಮೇಷ್ಟ್ರು ಆಟೋಟದ ಪುಟ ನೋಡಿಕೊಳ್ಳುತ್ತಾರೆ. ಮಿಕ್ಕಿದ್ದೆಲ್ಲ ನಾನು. ಟೈಲರಮ್ಮನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ನಮ್ಮ ಸಂಪಾದಕೀಯ ಕಚೇರಿ. ಒಮ್ಮೆ ಮುಖಪುಟದ ಸುದ್ದಿಯೊಂದು ಯಾರದೋ ಪ್ಯಾಂಟಿನ ಜೊತೆ ಮಡಚಿಕೊಂಡು ಅವರ ಮನೆಗೇ ಹೋಗಿಬಿಟ್ಟಿತ್ತು.

ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ನಗುತ್ತೀಯ ಅಂತ. ಅಷ್ಟೇ, ಬೇರೇನಿಲ್ಲ. ನಿನಗೆ ಓದಲು ಪುರುಸೊತ್ತಾದರೂ ಎಲ್ಲಿದೆ. ನಾನು ಮೊಬೈಲಿನಲ್ಲಿ ಮಾರುದ್ದ ಬರೆದು ಕಳಿಸಿದರೆ ನಿನ್ನಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಸೋದರತ್ತೆಯ ಬೆಕ್ಕು ಸತ್ತುಹೋಯಿತು ಅಂತ ಬರೆದದ್ದಕ್ಕೂ ಅದೇ ಹೆಬ್ಬೆರಳು ಬಂದಿತ್ತು. ಪಾಪ, ಅವಳಿಗೆ ನಾನು ಅದನ್ನು ತೋರಿಸಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಲೈಬ್ರರಿಯಲ್ಲಿ ಹೊಸದೊಂದು ನಿಯಮ ಬಂತು. ನಂಬಿಕೆಗೆ ನಿಮ್ಮ ಸಂಸ್ಥೆ ನೂರಕ್ಕೆ ಐವತ್ತಕ್ಕಿಂತ ಕಡಿಮೆ ಅಂಕ ಕೊಟ್ಟ ಪತ್ರಿಕೆ ಓದುವ ಕೋಣೆಯ ಸ್ಟ್ಯಾಂಡಿನಲ್ಲಿ ಇರಕೂಡದು. ಹಿಂದಿನ ಕೋಣೆಗೆ, ಪೊರಕೆ ಬಕೆಟ್ಟುಗಳ ಪಕ್ಕಕ್ಕೆ. ನಮ್ಮ ಓದುಗರಲ್ಲಿ ಮುಕ್ಕಾಲು ಪಾಲು ಆ ಸ್ಟ್ಯಾಂಡಿನ ಮುಂದೆ ನಿಂತು ಓದುವವರು. ಅಲ್ಲಿಂದ ಇಳಿಸಿದರೆ ‘ನೆರೆಮನೆ’ ಬಾಗಿಲು ಮುಚ್ಚಿದ ಹಾಗೆಯೇ. ಲೈಬ್ರರಿಯನ್ ಸುಮ್ಮನಿರಲಾರದೆ ನಮ್ಮ ಒಂದು ಸಂಚಿಕೆಯನ್ನು ನಿಮ್ಮ ಆಫೀಸಿಗೆ ಕಳಿಸಿಬಿಟ್ಟರು. ನಾನೇನು ಮಾಡಲಿ ಹೇಳು.

ನಿಮ್ಮ ಪದ್ಧತಿ ನನಗೆ ಗೊತ್ತೇ ಇತ್ತು. ಕಳೆದ ರಜೆಯಲ್ಲಿ ಊಟಕ್ಕೆ ಕೂತಾಗ ನೀನೇ ಹೇಳಿದ್ದೆಯಲ್ಲ: ಪತ್ರಿಕೆಯ ಹೆಸರನ್ನೂ ಬರೆದವರ ಹೆಸರನ್ನೂ ಊರಿನ ಹೆಸರನ್ನೂ ಕಾಗದ ಅಂಟಿಸಿ ಮುಚ್ಚುತ್ತಾರೆ, ಮೂವರು ಒಂದೇ ಮೇಜಿಗೆ ಕೂತು ಓದುತ್ತಾರೆ, ಒಬ್ಬರು ಎಡಪಂಥದ ಒಲವಿನವರು, ಒಬ್ಬರು ಬಲಪಂಥದವರು, ಒಬ್ಬರು ನಡುವಿನವರು. ನಡುವಿನ ಕುರ್ಚಿ ನಿನ್ನದು. ಆಗ ನಿನ್ನಪ್ಪ, ಇವಳಿಗೆ ಆ ಕೆಲಸಕ್ಕೆ ತರಬೇತಿ ಯಾಕೆ ಕೊಟ್ಟರೋ, ನಮ್ಮಿಬ್ಬರ ನಡುವೆ ಕೂತು ಬೆಳೆದವಳಿಗೆ ಅಂದಿದ್ದರು.

ವರದಿ ಬಂತು. ಪತ್ರಿಕೆ ಯಾವ ಕಡೆಗೆ ವಾಲಿದೆ ಅಂತ ತೋರಿಸುವ ಗೆರೆಯ ಮೇಲೆ ನಾವು ಸ್ವಲ್ಪ ಎಡಕ್ಕೆ ಇದ್ದೆವು. ಡ್ರಿಲ್ ಮೇಷ್ಟ್ರಿಗೆ ಅದೇ ದೊಡ್ಡ ಅವಮಾನವಾಗಿ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದರು. ನನಗೆ ವಾಲಿದ್ದರ ಬಗ್ಗೆ ಬೇಸರವಿಲ್ಲ. ನಂಬಿಕೆಯ ಅಂಕ ನೋಡಿ ಮಾತ್ರ ಕಣ್ಣಿಗೆ ಕತ್ತಲೆ ಕವಿಯಿತು. ಮೂವತ್ತೊಂದು. ತಿಂಗಳೊಳಗೆ ಇನ್ನೊಂದು ಸಂಚಿಕೆ ಕಳಿಸಿ ಐವತ್ತು ದಾಟಿದರೆ ಸ್ಟ್ಯಾಂಡಿನಲ್ಲಿ ಇರಿ, ಇಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ ಅಂತ ಲೈಬ್ರರಿಯನ್ ಹೇಳಿದರು.

ಅಂಕ ಕಳೆದದ್ದು ಈಜುಕೊಳದ ಸುದ್ದಿಗೆ. ನಗರಸಭೆಯವರು ಈಜುಕೊಳ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುವುದು ಖಚಿತ, ಗುತ್ತಿಗೆ ಉಪಾಧ್ಯಕ್ಷರ ಭಾವಮೈದನಿಗೆ ಎಂದು ಬಲ್ಲ ಮೂಲಗಳು ತಿಳಿಸಿವೆ, ಅಂತ ಬರೆದಿದ್ದೆ. ಬಲ್ಲ ಮೂಲ ಅಂದರೆ ಟೈಲರಮ್ಮ. ಅವಳಿಗೆ ಯಾರು ಹೇಳಿದ್ದು ಅಂದರೆ, ಕೋಟಿನ ತೋಳು ಗಿಡ್ಡ ಮಾಡಿಸಲು ಬಂದ ಒಬ್ಬ ಗುಮಾಸ್ತ. ಅದರ ಕೆಳಗೆ ನಿಮ್ಮ ಮೇಜಿನ ಮೂರನೆಯ ಓದುಗರ ಟಿಪ್ಪಣಿ ಹೀಗಿತ್ತು: ‘ಬಲ್ಲ ಮೂಲಗಳು ಅಂದರೆ ಯಾರು? ಅವರು ಕಣ್ಣಾರೆ ನೋಡಿದರಾ? ಒಬ್ಬರೇ ಆಗಿದ್ದರೆ ಮೂಲ ಅಂತ ಬರೆಯಿರಿ, ಮೂಲಗಳು ಅಂತ ಬೇಡ. ಬರೆದವರಿಗೆ ಭಾವಮೈದನ ಮೇಲೆ ಮೊದಲೇ ಸಿಟ್ಟಿರುವಂತಿದೆ.’

ಓದುತ್ತಲೇ ಗೊತ್ತಾಯಿತು. ಮಲಗಿಸುವಾಗ ರಾಕ್ಷಸನ ಕಥೆ ಹೇಳಿದರೆ, ಅವನನ್ನ ಯಾರು ನೋಡಿದ್ದು, ನೋಡಿದವರನ್ನ ಅವನು ತಿನ್ನಲಿಲ್ವಾ, ಮತ್ತೆ ನಿನಗೆ ಹೇಗೆ ಗೊತ್ತಾಯ್ತು ಅಂತ ಅಡ್ಡಪ್ರಶ್ನೆ ಹಾಕುತ್ತಿದ್ದ ವಕೀಲಮ್ಮ ನೀನಲ್ಲದೆ ಇನ್ಯಾರು. ಭಾವಮೈದನ ಮೇಲೆ ಸಿಟ್ಟಿದ್ದದ್ದೂ ನಿಜ. ಅವನು ದಿನಾ ನಮ್ಮ ಗೇಟಿಗೆ ಅಡ್ಡವಾಗಿ ವ್ಯಾನು ನಿಲ್ಲಿಸುತ್ತಾನೆ.

ಒಂದು ದಿನ ಪೂರ್ತಿ ನಿನ್ನನ್ನು ಬೈದುಕೊಂಡೆ. ಮರುದಿನ ಚಪ್ಪಲಿ ಮೆಟ್ಟಿಕೊಂಡು ನಗರಸಭೆಗೆ ಹೋದೆ. ಎಂಜಿನಿಯರಮ್ಮ ಚಿಕ್ಕ ಹುಡುಗಿ, ನನ್ನನ್ನು ಈಜುಕೊಳದ ಒಳಕ್ಕೇ ಇಳಿಸಿಕೊಂಡು ಹೋದಳು. ನೀರು ಖಾಲಿ ಮಾಡಿದ್ದರು. ಆಳದ ಕಡೆಯ ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು, ನನ್ನ ಕೈಬೆರಳು ಒಳಗೆ ಹೋಯಿತು. ಕೊಳ ಮುಚ್ಚುವುದು ರಿಪೇರಿಗೆ ಮಾತ್ರ, ಬೇಸಿಗೆಗೆ ಮತ್ತೆ ತೆರೆಯುತ್ತಾರೆ. ಕಾರು ನಿಲ್ಲಿಸುವುದು ಹಿಂದಿನ ಕಳೆ ಬೆಳೆದ ಜಾಗದಲ್ಲಿ. ಭಾವಮೈದ ಗುತ್ತಿಗೆಗೆ ಅರ್ಜಿ ಹಾಕಿದ್ದೇನೋ ನಿಜ, ಆದರೆ ಸಿಕ್ಕಿದ್ದು ಬೇರೆಯವರಿಗೆ. ನನ್ನ ಅಷ್ಟು ದೊಡ್ಡ ಸುದ್ದಿಯಲ್ಲಿ ಸರಿಯಾಗಿದ್ದದ್ದು ಈಜುಕೊಳ ಇದೆ ಅನ್ನುವುದೊಂದೇ.

ಮುಂದಿನ ಶುಕ್ರವಾರ ತಪ್ಪನ್ನು ಮುಖಪುಟದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿದೆ. ಟೈಲರಮ್ಮ, ನಮ್ಮ ಮಾನ ನಾವೇ ಹರಾಜು ಹಾಕ್ಕೊಳ್ಳೋದಾ ಅಕ್ಕ, ಒಳಪುಟದ ಮೂಲೇಲಿ ಹಾಕಿದ್ರೆ ಸಾಲದಾ ಅಂದಳು. ನಾನು ಕೇಳಲಿಲ್ಲ. ನನ್ನ ಅಭಿಪ್ರಾಯಕ್ಕೆ ಕೊನೆಯ ಪುಟದಲ್ಲಿ ಒಂದು ಬೇರೆ ಚೌಕ ಮಾಡಿದೆ, ಪಕ್ಕದಲ್ಲೇ ಡ್ರಿಲ್ ಮೇಷ್ಟ್ರಿಗೂ ಒಂದು ಚೌಕ ಕೊಟ್ಟೆ. ಅವರು ಅದರಲ್ಲಿ ನನ್ನನ್ನು ಚೆನ್ನಾಗಿ ಝಾಡಿಸಿದರು, ಮುಖದ ಊತವೂ ಇಳಿಯಿತು. ಪತ್ರಿಕೆಯ ಹೆಸರಿನ ಕೆಳಗೆ ಸಣ್ಣದಾಗಿ, ‘ಈ ಪತ್ರಿಕೆ ಈಜುಕೊಳದ ಕಡೆಗೆ ಸ್ವಲ್ಪ ವಾಲಿದೆ, ಓದುಗರು ಅದಕ್ಕೆ ತಕ್ಕಂತೆ ಹಿಡಿದುಕೊಂಡು ಓದಬೇಕು’ ಅಂತ ಹಾಕಿದೆವು. ಶನಿವಾರ ಭಾವಮೈದ ಮನೆಗೇ ಬಂದ. ಜಗಳಕ್ಕೆ ಬಂದ ಅಂತ ನಿನ್ನಪ್ಪ ಬಾಗಿಲಿಗೆ ಅಡ್ಡ ನಿಂತರು. ಅವನು ಐದು ಪ್ರತಿ ಕೊಡಿ ಅಂದ. ನಮ್ಮಮ್ಮ ಆ ಸುದ್ದಿ ಓದಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ರು, ಇದನ್ನ ಮನೇಲಿ ನಾಲ್ಕು ಗೋಡೆಗೂ ಅಂಟಿಸಬೇಕು ಅಂದ. ಈಗ ವ್ಯಾನು ಎದುರುಗಡೆ ನಿಲ್ಲಿಸುತ್ತಾನೆ.

ಆ ಸಂಚಿಕೆಗೆ ಐವತ್ತನಾಲ್ಕು ಬಂತು. ಟೈಲರಮ್ಮ ಇಡೀ ಬೀದಿಗೆ ಬಿಸ್ಕತ್ತು ಹಂಚಿದಳು. ಮೂರನೆಯ ಓದುಗರು ಈ ಸಲ, ‘ಕೊನೆಯ ಪುಟ ಓದಿ ತುಂಬಾ ನಕ್ಕೆ, ನಗುವಿಗೆ ಅಂಕ ಇಲ್ಲ’ ಅಂತ ಬರೆದಿದ್ದರು. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆದರೆ ಕೈಯಲ್ಲಿದ್ದ ಬಿಸ್ಕತ್ತನ್ನು ಡಬ್ಬಿಗೇ ವಾಪಸ್ ಹಾಕಿದೆ. ಯಾರು ಹೇಳಿದ್ದು ಅಂತ ಮುಚ್ಚಿಡಬಾರದು ಅಂತ ಊರಿಗೆಲ್ಲ ಸಾರಿ, ಅಂಕ ಕೊಟ್ಟವಳು ನನ್ನ ಮಗಳು ಅನ್ನುವುದನ್ನು ನಾನೇ ಮುಚ್ಚಿಟ್ಟರೆ ಹೇಗೆ? ನಿಮ್ಮ ಆಫೀಸಿಗೆ ಬರೆದುಬಿಟ್ಟೆ. ನಡುವಿನ ಕುರ್ಚಿಯವಳನ್ನು ಎಬ್ಬಿಸಿ, ಬೇರೆಯವರನ್ನು ಕೂರಿಸಿ ಓದಿಸಿ, ಬಂದಷ್ಟು ಬರಲಿ ಅಂದೆ. ಟೈಲರಮ್ಮ, ಬಂದ ಅಂಕ ಯಾರಾದ್ರೂ ವಾಪಸ್ ಕೊಡ್ತಾರಾ ಅಕ್ಕ ಅಂತ ತಲೆ ಚಚ್ಚಿಕೊಂಡಳು.

ಹೊಸ ಅಂಕ ನಿನ್ನೆ ಬಂತು. ಐವತ್ತೇಳು. ಹೆತ್ತ ಮಗಳಿಗಿಂತ ಗುರುತಿಲ್ಲದವರ ಕೈಯೇ ಧಾರಾಳ ಅಂತ ನಾನು ನಿನ್ನಪ್ಪನಿಗೆ ಹೇಳಿದೆ. ಅವಳು ಜಿಪುಣಿಯಾಗಿದ್ದಕ್ಕೇ ನೀನು ತಿದ್ದಿಕೊಂಡದ್ದು ಅಂದರು. ಸಾಯಂಕಾಲ ಇಬ್ಬರೂ ಲೈಬ್ರರಿಗೆ ಹೋಗಿ ನೋಡಿಕೊಂಡು ಬಂದೆವು. ‘ನೆರೆಮನೆ’ ದೊಡ್ಡ ದೊಡ್ಡ ಪತ್ರಿಕೆಗಳ ಸಾಲಿನಲ್ಲೇ ನೇತಾಡುತ್ತಿತ್ತು, ಒಬ್ಬರು ಓದಿ ಮುಗಿಸಲಿ ಅಂತ ಇನ್ನೊಬ್ಬರು ಕಾಯುತ್ತಿದ್ದರು.

ನಿನ್ನ ಕೆಲಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ ಅಂತ ನಿಮ್ಮ ಮೇಲಿನವರು ನನಗೆ ಬರೆದು ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಣ್ಣಿಗೆ ವಿಶ್ರಾಂತಿ ಕೊಡು. ಇದು ಕನ್ನಡಕದ ಅಂಗಡಿಯವರ ಮಾತು, ಮೂಲ ಒಂದೇ.

ಎಂದೆಂದಿಗೂ ನಿನ್ನ ಕಡೆಗೇ ವಾಲಿರುವ
ನಿನ್ನ ಅಮ್ಮ

ತಿದ್ದುಪಡಿ: ಲೈಬ್ರರಿಯನ್ ನಮ್ಮ ಸಂಚಿಕೆಯನ್ನು ಕಳಿಸಿಬಿಟ್ಟರು ಅಂತ ಮೇಲೆ ಬರೆದಿದ್ದೇನೆ. ಅದು ತಪ್ಪು. ಕಳಿಸಿ ಅಂತ ಅವರ ಬೆನ್ನು ಬಿದ್ದವಳು ನಾನೇ. ನೀನು ನಗುತ್ತೀಯ ಅಂತ ಹೇಳಲಿಲ್ಲ ಅನ್ನುವುದೂ ತಪ್ಪು. ಪುಟ್ಟ ವಾರಪತ್ರಿಕೆಗಳೆಲ್ಲ ನನ್ನ ಮೇಜಿಗೇ ಬರೋದು, ಒಂದು ಸಾಲೂ ಬಿಡದೆ ಓದಬೇಕು ಅಂತ ಆ ರಜೆಯಲ್ಲಿ ನೀನು ಅಂದಿದ್ದೆ. ನಾನು ಬರೆದದ್ದನ್ನು ನೀನು ಒಂದು ಸಾಲೂ ಬಿಡದೆ ಓದಬೇಕು ಅಂತ ನನಗೆ ಆಸೆಯಾಯಿತು; ಹೇಳಿದ್ದರೆ ಆ ಕುರ್ಚಿಯಿಂದ ನಿನ್ನನ್ನು ಆಗಲೇ ಎಬ್ಬಿಸುತ್ತಿದ್ದರು. ಮೂವತ್ತೊಂದು ಬಂದ ದಿನ ಅತ್ತುಬಿಟ್ಟೆ, ನಿಜ. ಆದರೆ ಪ್ರತಿ ಸಾಲಿನ ಪಕ್ಕದಲ್ಲೂ ನೀನು ಓದಿದ ಗುರುತಿತ್ತು, ಕಂದ. ಇನ್ನು ಮೇಲೆ ‘ನೆರೆಮನೆ’ಗೆ ನೀನು ಅಂಕ ಹಾಕುವ ಹಾಗಿಲ್ಲವಲ್ಲ, ಅದಕ್ಕೇ ಪ್ರತಿ ಸಂಚಿಕೆಯ ಒಂದು ಪ್ರತಿ ಅಂಚೆಯಲ್ಲಿ ನಿನ್ನ ಮನೆಗೇ ಬರುತ್ತದೆ. ಹೆಬ್ಬೆರಳು ಕಳಿಸಬೇಡ. ಓದಿ ಫೋನ್ ಮಾಡು. ನಿಜವಾಗಿಯೂ ಹಾಲು ಉಕ್ಕುತ್ತಿದ್ದರೂ ನಾನು ಫೋನ್ ಇಡುವುದಿಲ್ಲ.