ಪಡುವಣ ಕಿಟಕಿಗೆ ಯಾವ ಪರದೆ

ಏಪ್ರಿಲ್ ೨೨, ಮಂಗಳವಾರ

ಪಡುವಣ ಕಿಟಕಿಯ ಪರದೆ ಇನ್ನೂ ತೀರ್ಮಾನವಾಗಿಲ್ಲ. ಹುಣಸೂರಿನ ಅಂಗಡಿಯವನು ದಪ್ಪ ಬಟ್ಟೆಯದೊಂದು, ತೆಳು ಬಟ್ಟೆಯದೊಂದು ತುಂಡು ಕೊಟ್ಟು, "ಮನೆಯವ್ರಿಗೆ ತೋರ್ಸ್ಕಂಡ್ ಬನ್ನಿ ಸಾರ್" ಎಂದ. ಮದುವೆಯೇ ಆಗದ ನಾನು ಗಂಭೀರವಾಗಿ ತಲೆಯಾಡಿಸಿದೆ.

ಸಂಜೆ ಎರಡನ್ನೂ ಕಿಟಕಿಗೆ ಕಟ್ಟಿ ನೋಡಿದೆ. ದಪ್ಪದ್ದಾದರೆ ಕೋಣೆ ತಂಪು, ಕರೆಂಟು ಬಿಲ್ಲೂ ಕಡಿಮೆ. ಬಿಸಿಲಿಗೆ ತಡೆ, ಸೆಕೆಗೆ ತಡೆ, ಹರಟೆಗೆ ಜನವಿಲ್ಲ ಈ ಕಡೆ. ಪ್ರಾಸ ಕೂಡಿತು, ಕೇಳುವವರಿಲ್ಲ.

ಎದುರುಮನೆಯ ಪುಟ್ಟಸಿದ್ದಮ್ಮ ಜಗಲಿಯಿಂದಲೇ ಕೂಗಿದರು: "ದಪ್ಪದ್ದು ಬ್ಯಾಡ ಬುಡಪ್ಪಾ, ನಿನ್ ದೀಪ ಕಾಣಾಕಿಲ್ಲ. ಒಂಟಿ ಮನ್ಸ, ದೀಪ ಆರ್ಸಿ ಮಲಗ್ದ ಅಂತ ಗೊತ್ತಾಗೋಗಂಟ ನಂಗೂ ನಿದ್ದೆ ಬರಾಕಿಲ್ಲ ಕಣ."

ಇಷ್ಟು ವರ್ಷ ಇದು ನನಗೆ ತಿಳಿದೇ ಇರಲಿಲ್ಲ. ತೆಳು ಬಟ್ಟೆಯದೇ ಇರಲಿ.

ಈಗ ದೀಪ ಆರಿಸಿದರೆ ಅವರು ಮಲಗುತ್ತಾರೆ. ಆಮೇಲೆ ಎಚ್ಚರವಿರುವವನು ನಾನೊಬ್ಬನೇ. ಇನ್ನೊಂದೆರಡು ಸಾಲು ಬರೆದು ಆಮೇಲೆ ಆರಿಸುತ್ತೇನೆ.