ರಾತ್ರಿಗೆ ಡಬಲ್

ಅವ್ವಾ,

ನಿನ್ನ ತಿಥಿ ಮುಗಿದ ಮಾರನೆಯ ದಿನವೇ ಅಣ್ಣ ಸಿದ್ದರಾಜು ಕಾಗದಪತ್ರ ಹಿಡಿದುಕೊಂಡು ಬಂದ. ಹಾರೋಹಳ್ಳಿ ರಸ್ತೆಯ ನಮ್ಮ ಹೊಲವನ್ನು ಯಾವುದೋ ಕಾರ್ಖಾನೆಯವರು ಕೊಳ್ಳುತ್ತಾರಂತೆ. ಅದಕ್ಕೆ ನನ್ನ ಸಹಿಯೂ ಬೇಕಂತೆ.

"ಪಾಲು ಗೀಲು ಅಂತ ಕೂರಬ್ಯಾಡ ಪುಟ್ಟಿ. ಅವ್ವನ್ನ ನೋಡ್ಕಳಕ್ಕೆ ಅಂತ ಫ್ಯಾಕ್ಟ್ರಿ ಕೆಲಸ ಬುಟ್ಯಲ್ಲ, ಆ ಎರಡು ವರ್ಸದ ಸಂಬಳ ನಾನೇ ಕೊಟ್ಬುಡ್ತೀನಿ" ಎಂದ. ಆಮೇಲೆ ಮೊಬೈಲ್ ತೆಗೆದು ಗುಣಿಸತೊಡಗಿದ. "ದಿನಕ್ಕೆ ಎಂಟು ಗಂಟೆ ಹಾಕ್ತೀನಿ. ಅವ್ವ ನಿದ್ದೆ ಮಾಡ್ತಿದ್ದಾಗ ನೀನೂ ಸುಮ್ಕೆ ಕೂತಿದ್ಯಲ್ಲ, ಅದನ್ನ ಒಸಿ ಕಳೀಬೇಕು."

ನಿನ್ನ ಹಾಸಿಗೆಯ ಹೇಲು ಉಚ್ಚೆ ಬಾಚುವಾಗ ಒಂದು ದಿನವೂ ಬಾರದಿದ್ದ ವಾಕರಿಕೆ ಆಗ ಬಂತು. ಎದ್ದು ಹೋಗು ಎನ್ನಬೇಕಿತ್ತು. ಅದರ ಬದಲು ನನ್ನ ಬಾಯಿಂದ ಬಂದದ್ದೇ ಬೇರೆ.

"ಫ್ಯಾಕ್ಟ್ರೀಲಿ ರಾತ್ರಿ ಪಾಳಿಗೆ ಡಬಲ್ ಕೊಡ್ತಾರೆ ಕಣಣ್ಣ. ರಾತ್ರಿ ಹೊತ್ತು ಯಾಕೆ ಬುಟ್ಟೆ?"

ಅವನು ಚೌಕಾಸಿಯನ್ನೇ ಮಾಡಲಿಲ್ಲ. "ಈಗ ಸರಿಯಾಗಿ ಮಾತಾಡ್ದೆ ನೋಡು" ಎಂದು ನಕ್ಕು, ಮೊತ್ತ ಏರಿಸಿ, ಪೆನ್ನು ಕೊಟ್ಟ. ನಾನು ಸಹಿ ಹಾಕಿದೆ. ಅವನ ಮೇಲೆ ಅಸಹ್ಯ ಪಡುವ ಯೋಗ್ಯತೆಯೂ ನನಗೀಗ ಉಳಿದಿಲ್ಲ.

ಆ ರಾತ್ರಿಗಳಲ್ಲಿ ನಿನಗೆ ನಿದ್ದೆ ಬರುತ್ತಿರಲಿಲ್ಲ. ದೊಡ್ಡಮಳೂರಿನಲ್ಲಿ ನೀನು ಹುಡುಗಿಯಾಗಿದ್ದಾಗ ಎಮ್ಮೆಯ ಮೇಲಿಂದ ಕೆರೆಗೆ ಬಿದ್ದ ಕತೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದೆ. ನಾನು ನಕ್ಕು ಸುಸ್ತಾಗಿ ನಿನ್ನ ಪಕ್ಕದಲ್ಲೇ ಮಲಗಿಬಿಡುತ್ತಿದ್ದೆ.

ಅದಕ್ಕೂ ಕೂಲಿ ಕೇಳಿದೆ, ಅವ್ವಾ.